ಪಾರ್ಟಿಶನ್ ಅಳಿಸಿಹೋದರೂ ಫೈಲ್ ಸಿಕ್ಕಿತು

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ವಿಂಡೋಸ್‌ನಲ್ಲಲ್ಲ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನಲ್ಲಿ. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಾಷ್ಟ್ರುಗಳು, ಟೀಚರುಗಳು ಒಂದೇ ಲ್ಯಾಪ್‌ಟಾಪಿಗೆ ಶಾಲೆಗೆಂದು ಉಬುಂಟು (ಲಿನಕ್ಸಿನ ಒಂದು ಬಗೆ), ಮನೆಗೆಂದು ವಿಂಡೋಸ್ ಹಾಕಿಸಿಕೊಳ್ಳುತ್ತಾರೆ. ಬದಿಯಡ್ಕದ ನನ್ನ ರಿಪೇರಿ ಅಂಗಡಿಗೆ ಇಂಥ ಲ್ಯಾಪ್‌ಟಾಪ್ ಬರುತ್ತಲೇ ಇರುತ್ತವೆ.

ಮಳೆಗಾಲದಲ್ಲಿ ಪೆರ್ಲದ ಕಡೆಯ ಟೀಚರೊಬ್ಬರು ಹಳೇ ಲ್ಯಾಪ್‌ಟಾಪ್ ತಂದರು. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ 'ನೋ ಸಚ್ ಪಾರ್ಟಿಶನ್' (ಡಿಸ್ಕಿನ ಆ ಪಾಲೇ ಇಲ್ಲ), ಕೆಳಗೆ 'ಗ್ರಬ್ ರೆಸ್ಕ್ಯೂ'. ಗ್ರಬ್ ಅಂದರೆ ಆನ್ ಮಾಡಿದಾಗ ಉಬುಂಟುವೋ ವಿಂಡೋಸೋ ಎಂದು ಕೇಳುವ ಪ್ರೋಗ್ರಾಂ. ವಿಂಡೋಸ್ ಕೂಡ ಏಳುವುದಿಲ್ಲ. ಅವರ ಮಗ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಪಾರ್ಟಿಶನ್ ಡಿಲೀಟ್ ಮಾಡಿದ್ದ. ಅದು ಉಬುಂಟುವಿನದು. ಲಿನಕ್ಸ್ ಫೈಲ್ ಜೋಡಿಸಿಡುವ ಇಎಕ್ಸ್‌ಟಿ4 ಎಂಬ ಕ್ರಮ ವಿಂಡೋಸಿಗೆ ಓದಲು ಬರುವುದಿಲ್ಲ. ಅಂಥ ಪಾರ್ಟಿಶನನ್ನು ಸಿ, ಡಿ ಥರದ ಡ್ರೈವ್ ಅಕ್ಷರವಿಲ್ಲದೆ, '100% ಫ್ರೀ' ಎಂದು ತೋರಿಸಿಬಿಡುತ್ತದೆ. ಗ್ರಬ್‌ನ ಮುಖ್ಯ ಭಾಗ ಇದ್ದದ್ದೂ ಅಲ್ಲೇ, ಅದಕ್ಕೇ ಎರಡೂ ನಿಂತವು.

"ಅಣ್ಣ, ಹತ್ತನೇ ಕ್ಲಾಸಿನ ನೋಟ್ಸ್ ಎಲ್ಲ ಅದರಲ್ಲೇ ಉಂಟು. ಫಾರ್ಮ್ಯಾಟ್ ಮಾಡ್ಬೇಕಾ?"

"ಬೇಡ ಟೀಚರೇ, ಮೊದಲು ನೋಡುವ."

ಗಡಿಕಲ್ಲು ಕಿತ್ತರೆ ತೋಟದ ಅಡಿಕೆ ಮರ ಸಾಯುವುದಿಲ್ಲ, ಅಲ್ವಾ? ಡಿಲೀಟ್ ಆದಾಗ ಹೋಗುವುದು ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಗುರುತು ಮಾತ್ರ. ಆ ಜಾಗದಲ್ಲಿ ಹೊಸದೇನೂ ಬರೆಯದಿದ್ದರೆ ಫೈಲ್ ಹೆಚ್ಚಾಗಿ ಹಾಗೇ ಇರುತ್ತವೆ. ಸುಮ್ನೆ ಉಬುಂಟು ಮತ್ತೆ ಹಾಕಿದರೆ ಮಾತ್ರ ಕೆಲಸ ಕೆಟ್ಟಿತು.

ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಮೊದಲು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ನೋಡಿದೆ. 'ಪೆಂಡಿಂಗ್ ಸೆಕ್ಟರ್', ಅಂದರೆ ಓದಲು ತೊಡಕಾಗುವ ಜಾಗಗಳ ಲೆಕ್ಕ, ಸೊನ್ನೆ ಇತ್ತು. ಅದು ಏರುತ್ತಿದ್ದರೆ ಬೇರೇನೂ ಮುಟ್ಟದೆ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಪೂರ್ತಿ ಡಿಸ್ಕಿನ ನಕಲು ತೆಗೆಯುತ್ತೇನೆ.

ಆಮೇಲೆ ಕಳೆದ ಪಾರ್ಟಿಶನ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್ ಪ್ರೋಗ್ರಾಂ. ಉಚಿತ, ಈ ಕೆಲಸಕ್ಕೆ ನಾನು ಇದನ್ನೇ ನಂಬುವುದು. ಡಿಸ್ಕ್ ಆರಿಸಿ, ಅದರ ಪಾರ್ಟಿಶನ್ ಪಟ್ಟಿ ಎಂಬಿಆರ್ ಎಂಬ ಹಳೇ ಬಗೆಯದು ಆದ್ದರಿಂದ 'ಇಂಟೆಲ್' ಕೊಟ್ಟು, 'ಅನಲೈಸ್', 'ಕ್ವಿಕ್ ಸರ್ಚ್' ಒತ್ತಿದೆ. ಕಳೆದುಹೋದ ಲಿನಕ್ಸ್ ಪಾರ್ಟಿಶನ್ ಸಾಲಿನಲ್ಲಿ ಕಾಣಿಸಿತು. ಅದರ ಮೇಲೆ ನಿಂತು 'ಪಿ' ಒತ್ತಿದರೆ ಒಳಗಿನ ಫೈಲ್ ಪಟ್ಟಿ ಬರುತ್ತದೆ. ಟೀಚರ ಪಾಠಗಳ ಫೋಲ್ಡರ್ ಅಲ್ಲೇ ಇತ್ತು! ಅವರ ಮುಖದ ಬಣ್ಣವೇ ಬದಲಾಯಿತು. ಸಿಕ್ಕ ಗುರುತನ್ನು ಡಿಸ್ಕಿಗೆ ಮತ್ತೆ ಬರೆಯುವ 'ರೈಟ್' ಒತ್ತುವ ಮುಂಚೆ ಆ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಕನ್ನಡದಲ್ಲಿ ಪಾಠದ ಸಾಮಗ್ರಿ ಸಿಗುವುದೇ ಕಡಿಮೆ, ಅವರು ಕೂತು ಟೈಪ್ ಮಾಡಿದ್ದು ಹೋದರೆ ಇನ್ನೆಲ್ಲಿಂದ ತರುವುದು?

'ರೈಟ್' ಕೊಟ್ಟು ರೀಬೂಟ್ ಮಾಡಿದಾಗ ಪಾರ್ಟಿಶನ್ ನಂಬರ್ ಹಳೆಯದೇ ಬಂದಿತ್ತು. ಗ್ರಬ್ ಹುಡುಕುವುದು ಆ ನಂಬರನ್ನೇ, ಹಾಗಾಗಿ ಅದರ ಮೆನು ತಾನಾಗಿ ಬಂತು. ಬಾರದಿದ್ದರೆ ಪೆನ್‌ಡ್ರೈವಿನಿಂದಲೇ ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತಿತ್ತು.

ಕೊಡುವ ಮುಂಚೆ ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಉಬುಂಟುವಿನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ. ಮಗನಿಗೂ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಯಾವುದು ಯಾರ ಜಾಗ ಎಂದು ಒಂದೊಂದಾಗಿ ತೋರಿಸಿಕೊಟ್ಟೆ.