ಇಂಟರ್‌ಲಾಕ್ ಸಂದಿಯ ಕಳೆಗೆ ಕುದಿಯುವ ನೀರು: ನನ್ನ ಅನುಭವ

ಮೈಸೂರಿನ ನಮ್ಮ ಮನೆಯಲ್ಲಿ ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಸಿಮೆಂಟ್ ಬ್ಲಾಕ್‌ಗಳ ಇಂಟರ್‌ಲಾಕ್ ಹಾಕಿಸಿದ್ದೇವೆ. ಹಿತ್ತಲಿಗೆ ಹೋಗುವ ದಾರಿಗೆ ಶಹಾಬಾದ್ ಕಲ್ಲು. ಮಳೆ ಶುರುವಾಯಿತು ಅಂದರೆ ಸಂದಿಸಂದಿಯಲ್ಲೂ ಗರಿಕೆ, ನೆಲನೆಲ್ಲಿ, ಕೊನ್ನಾರಿ ಎಲ್ಲ ಏಳುತ್ತವೆ. ಬೇಲಿ ಕಡೆಯಿಂದ ಕಾಂಗ್ರೆಸ್ ಗಿಡವೂ ಬರುತ್ತದೆ.

ಅಂಗಡಿಯ ಕಳೆನಾಶಕ ನನಗೆ ಬೇಡ. ಮೊಮ್ಮಗಳು ಅದೇ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಗ್ಲೈಫೋಸೇಟ್ ಎಂಬ ಕಳೆನಾಶಕ ಕ್ಯಾನ್ಸರ್ ತರುವ ಸಂಭವ ಇದೆ ಎಂದಿತ್ತು. ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕ ಮಾತ್ರ ಅದನ್ನು ಬಳಸಬೇಕು ಎಂದು 2022ರಲ್ಲಿ ಕೇಂದ್ರ ಸರ್ಕಾರವೂ ಹೇಳಿದೆ. ಹಾಗಾಗಿ ಮನೆಮದ್ದೇ ಗತಿ.

ನಾನು ನಂಬಿರುವುದು ಕುದಿಯುವ ನೀರನ್ನು. ಹಿತ್ತಲ ಒಲೆಗೆ ಒಣಗಿದ ತೆಂಗಿನ ಗರಿ ಹಾಕಿ ಕುದಿಸುತ್ತೇನೆ, ಗ್ಯಾಸ್ ಖರ್ಚಿಲ್ಲ. ಸ್ನಾನದ ಬಿಸಿ ಸಾಲದು, ಕೊತಕೊತ ಕುದಿಯಬೇಕು. ಮೂತಿ ಇರುವ ಕೆಟಲ್‌ಗೆ ತುಂಬಿಸಿ, ನೇರ ಗಿಡದ ಬುಡಕ್ಕೇ ನಿಧಾನವಾಗಿ ಸುರಿಯುತ್ತೇನೆ. ನೋಡನೋಡುತ್ತಲೇ ಎಲೆ ಕಡುಹಸಿರಾಗಿ, ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗೆ ಮಲಗುತ್ತದೆ. ಸಂಜೆಗೆ ಕಂದು ಬಣ್ಣ. ಎಳೆ ನೆಲನೆಲ್ಲಿ ಒಂದೇ ಸಲಕ್ಕೆ ಹೋಗುತ್ತದೆ. ಗರಿಕೆ ಹಾಗಲ್ಲ, ನೆಲದೊಳಗಿನ ಕಾಂಡದಿಂದ ಮತ್ತೆ ಚಿಗುರುತ್ತದೆ. ಚಿಗುರಿದಾಗಲೆಲ್ಲ ಸುರಿಯುತ್ತಾ ಬಂದರೆ ಸೋಲುತ್ತದೆ. ಕೊನ್ನಾರಿಗೆ ಮಾತ್ರ ಯಾವ ಮನೆಮದ್ದೂ ನಾಟುವುದಿಲ್ಲ. ಹಳೇ ಸ್ಕ್ರೂಡ್ರೈವರ್‌ನಿಂದ ಗಡ್ಡೆ ಸಮೇತ ಕೀಳಲೇಬೇಕು. ಅಂದಹಾಗೆ, ನೀರು ಸುರಿಯುವಾಗ ಕಾಲಿಗೆ ಶೂ ಇರಲಿ, ಮಕ್ಕಳು ಒಳಗಿರಲಿ.

ವಿನೆಗರ್ ಕೂಡ ಬಳಸುತ್ತೇನೆ, ಇಂಟರ್‌ಲಾಕ್ ಅಂಚಿನ ಮಣ್ಣಿನಲ್ಲಿ ಏಳುವ ಎಳೆ ಕಾಂಗ್ರೆಸ್ ಗಿಡಕ್ಕೆ ಮಾತ್ರ. ಅಡುಗೆ ವಿನೆಗರ್‌ನಲ್ಲಿ ಆಮ್ಲ ಇರುವುದು ಸುಮಾರು 4-5%. ಒಂದು ಲೀಟರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಎಲೆಗೆ ಅಂಟುತ್ತದೆ, ಜಾರುವುದಿಲ್ಲ. ಸುಡು ಬಿಸಿಲಲ್ಲಿ ಸಿಂಪಡಿಸಬೇಕು. ಸುಡುವುದು ಎಲೆಯನ್ನಷ್ಟೇ, ಬೇರನ್ನಲ್ಲ. ಶಹಾಬಾದ್ ಕಲ್ಲಿಗಂತೂ ಬೇಡವೇ ಬೇಡ, ಅದು ಸುಣ್ಣದ ಕಲ್ಲು ಅಲ್ವಾ? ಒಡೆದ ಚೂರೊಂದರ ಮೇಲೆ ಹನಿ ಹಾಕಿ ನೋಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು, ಒರೆಸಿದ ಮೇಲೆ ಆ ಜಾಗ ಮಾಸಿಹೋಗಿತ್ತು. ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ತುಂಬಾ ಜನ ಉಪ್ಪು ಸುರಿಯಿರಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಳೆ ಸಾಯುತ್ತದೆ, ನಿಜ. ಆದರೆ ಉಪ್ಪು ಕೊಳೆತು ಮಾಯವಾಗುವ ವಸ್ತುವಲ್ಲ. ಮಳೆ ನೀರಿನ ಜೊತೆ ಅಕ್ಕಪಕ್ಕದ ಗಿಡಗಳ ಬುಡಕ್ಕೆ ಹೋಗುತ್ತದೆ. ತೆಂಗಿಗೆ ಉಪ್ಪು ಹಾಕುವುದಿಲ್ಲವೇ ಎಂದು ಕೇಳುವವರಿದ್ದಾರೆ. ತೆಂಗು ತಾಳಿಕೊಳ್ಳುತ್ತದೆ, ಕರಿಬೇವು, ಮಲ್ಲಿಗೆ ತಾಳುವುದಿಲ್ಲ. ಕಾಂಕ್ರೀಟ್ ಒಳಗಿನ ಕಂಬಿಗೂ ತುಕ್ಕು ಹಿಡಿಸುತ್ತದೆ. ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಅಂತೂ ಮಣ್ಣನ್ನೇ ಕೆಡಿಸುತ್ತವೆ.

ಇಷ್ಟೆಲ್ಲ ಮಾಡಿ ಸಂದಿಯನ್ನು ಹಾಗೇ ಬಿಟ್ಟರೆ ಸುಮ್ನೆ ದಂಡ. ಇಂಟರ್‌ಲಾಕ್‌ನಲ್ಲಿ ಜಾಸ್ತಿ ಕಳೆ ಹುಟ್ಟುವುದು ಮೇಲೆ ಕೂತ ಧೂಳು, ತರಗೆಲೆಯಲ್ಲಿ, ಗಾಳಿಗೆ ಬಂದ ಬೀಜದಿಂದ. ಅದಕ್ಕೇ ಮೇ ತಿಂಗಳಲ್ಲಿ, ಕಲ್ಲು ಚೆನ್ನಾಗಿ ಒಣಗಿರುವಾಗ, ಸತ್ತ ಬೇರು ಕೆರೆದು ತೆಗೆದು ಕಡ್ಡಿ ಪೊರಕೆಯಿಂದ ಗುಡಿಸುತ್ತೇನೆ. ಸಂದಿಗೆ ಒಣ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ತಳ್ಳಿ, ನೀರು ಚಿಮುಕಿಸುತ್ತೇನೆ. ಮರಳು ಇಳಿದ ಕಡೆ ಒಣಗಿದ ಮೇಲೆ ಮತ್ತೆ ತುಂಬುತ್ತೇನೆ. ಆಮೇಲೆ ವಾರಕ್ಕೊಮ್ಮೆ ಗುಡಿಸಿದರೆ ಕೆಟಲ್ ಹಿಡಿಯುವ ಕೆಲಸ ಅಪರೂಪ.