ಕೊಂಡಜ್ಜಿ ಕೆರೆಯಲ್ಲಿ ಹಕ್ಕಿ ನೋಡುವ ಕ್ರಮ: ನನ್ನ ಅನುಭವ

ದಾವಣಗೆರೆಯವರು ಹಕ್ಕಿ ನೋಡಲು ರಂಗನತಿಟ್ಟಿಗೇ ಹೋಗಬೇಕೆಂದಿಲ್ಲ. ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆ ಇದೆ, ಊರಂಚಿಗೇ ಕುಂದುವಾಡ ಕೆರೆ ಇದೆ, ಚನ್ನಗಿರಿ ಕಡೆ ಸೂಳೆಕೆರೆ ಇದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ವಲಸೆ ಬಾತುಗಳು, ಗೊರವಗಳು ಬಂದಿರುವ ಕಾಲ. ಕೆರೆ ಯಾವುದಾದರೂ ನಾನು ಹಿಡಿಯುವ ಕ್ರಮ ಒಂದೇ.

ಮೊದಲು ಬಿಸಿಲಿನ ದಿಕ್ಕು ನೋಡಿಕೊಳ್ಳುತ್ತೇನೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಹೊತ್ತು ಹುಟ್ಟುವಾಗ ಆರೂಮುಕ್ಕಾಲರ ಸುಮಾರು. ಅಷ್ಟರೊಳಗೆ ಪೂರ್ವದ ದಡದಲ್ಲಿ, ಬಿಸಿಲು ಬೆನ್ನಿಗೆ ಬೀಳುವಂತೆ ಕೂತಿರಬೇಕು. ಬಿಸಿಲಿಗೆ ಎದುರಾಗಿ ನೋಡಿದರೆ ಎಲ್ಲ ಬಾತುಗಳೂ ಒಂದೇ ಕಪ್ಪು. ವರಟೆ ಎಂಬ ಬಾತಿನ ಕರಿ ಕೊಕ್ಕಿನ ತುದಿಯ ಹಳದಿ ಕಾಣಿಸದಿದ್ದರೆ ಪುಸ್ತಕ ತಿರುವಿ ಪ್ರಯೋಜನವಿಲ್ಲ. ಸಂಜೆಗೆ ಪಶ್ಚಿಮದ ದಡ. ಏರಿಯ ಮೇಲೆ ನಿಲ್ಲಬೇಡಿ, ಆಕಾಶದ ಹಿನ್ನೆಲೆಯಲ್ಲಿ ಮನುಷ್ಯ ಬಲು ದೂರದಿಂದ ಎದ್ದು ಕಾಣುತ್ತಾನೆ. ಇಳಿಜಾರಿನಲ್ಲಿ ಜಾಲಿಯ ಮರೆಗೆ ಕೂರಿ. ಬಿಳಿ ಅಂಗಿ ಮನೆಯಲ್ಲೇ ಇರಲಿ.

ಬೈನಾಕ್ಯುಲರ್ 8x42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 10x ತಂದವರಿಗೆ ಹಕ್ಕಿ ದೊಡ್ಡದಾಗಿ ಕಂಡರೂ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ, ನೋಟದ ಹರವೂ ಕಡಿಮೆ. ಬಳಸುವ ಮುನ್ನ ಬಲಗಣ್ಣು ಮುಚ್ಚಿ, ದೂರದ ಒಂದು ಕೊಂಬೆಯನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರ ಮಾತ್ರ ತಿರುಗಿಸಿ ಅದೇ ಕೊಂಬೆಯನ್ನು ಸ್ಪಷ್ಟ ಮಾಡಿ. ಇದನ್ನು ಬಿಟ್ಟವರಿಗೇ ಅರ್ಧ ಗಂಟೆಯಲ್ಲಿ ತಲೆ ನೋಯುವುದು. ಕನ್ನಡಕದವರು ಕಣ್ಣಿನ ಬಳಿಯ ರಬ್ಬರನ್ನು ಕೆಳಕ್ಕೆ ಮಡಚಿ ತಗ್ಗಿಸಬೇಕು. ಹಕ್ಕಿ ಕಂಡಾಗ ಅದರ ಮೇಲಿನ ದೃಷ್ಟಿ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ಏರಿಸಿ. ತಲೆ ತಗ್ಗಿಸಿ ಬೈನಾಕ್ಯುಲರ್ ನೋಡಿದಿರೋ, ಹಕ್ಕಿ ತಪ್ಪಿತು.

ಕೂತ ಮೇಲೆ ಹದಿನೈದು ನಿಮಿಷ ಅಲುಗಾಡುವುದಿಲ್ಲ. ನಾಮದ ಕೋಳಿಗಳು, ಅಂದರೆ ಹಣೆಗೆ ಬಿಳಿ ನಾಮವಿರುವ ಕರಿ ನೀರುಹಕ್ಕಿಗಳು, ಮತ್ತೆ ಮೇಯತೊಡಗಿದರೆ ನಮ್ಮ ಇರವನ್ನು ಒಪ್ಪಿದವು ಎಂದರ್ಥ. ಅವು ಕತ್ತು ನಿಗುರಿಸಿ ನಡುನೀರಿಗೆ ಸರಿಯುತ್ತಿದ್ದರೆ ನೀವು ಹಿಂದಕ್ಕೆ ಸರಿಯಿರಿ.

ಎಲ್ಲರನ್ನೂ ಗೊಂದಲಕ್ಕೆ ಕೆಡವುವುದು ದಡದ ಕೆಸರಿನಲ್ಲಿ ಓಡಾಡುವ ಗದ್ದೆಗೊರವಗಳು, ಅಂದರೆ ಸ್ಯಾಂಡ್‌ಪೈಪರ್‌ಗಳು. ಕಾಮನ್, ಗ್ರೀನ್, ವುಡ್, ಮೂರೂ ಕಂದು, ಮೂರೂ ಚಿಕ್ಕವು. ಕಾಮನ್‌ಗೆ ಎದೆಯ ಪಕ್ಕದಿಂದ ಹೆಗಲಿಗೆ ಬಿಳಿ ಬೆಣೆಯೊಂದು ಏರಿರುತ್ತದೆ, ಹಿಂಭಾಗವನ್ನು ಬಿಡದೆ ಮೇಲೆ ಕೆಳಗೆ ಕುಣಿಸುತ್ತದೆ. ವುಡ್‌ನ ಬೆನ್ನ ತುಂಬ ಚುಕ್ಕಿ, ಕಣ್ಣ ಮೇಲೆ ಎದ್ದು ಕಾಣುವ ಬಿಳಿ ಹುಬ್ಬು, ಕಾಲು ಹಳದಿ ಛಾಯೆಯದು. ಗ್ರೀನ್ ಕೂತಾಗ ಕಪ್ಪಗೆ ಕಾಣುತ್ತದೆ. ಹಾರಿದಾಗ ಬಾಲದ ಬುಡ ಹೊಳೆಯುವ ಬಿಳಿ, ರೆಕ್ಕೆಯಡಿ ಕಪ್ಪು. ವುಡ್‌ಗೂ ಬಾಲದ ಬುಡ ಬಿಳಿಯೇ, ಆದರೆ ರೆಕ್ಕೆಯಡಿ ಮಾಸಲು ತಿಳಿ ಬಣ್ಣ. ಹಾಗಂತ ಗುರುತಿಗಾಗಿ ಹಕ್ಕಿಯನ್ನು ಎಬ್ಬಿಸುವುದು ಸಲ್ಲದು. ಅದು ತಾನಾಗಿ ಹಾರುವ ತನಕ ಕಾಯುವ ತಾಳ್ಮೆ ಬೇಕು.

ಎಣಿಕೆಗೆ ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ನಿಜವಾಗಿ ಎಣಿಸಿ, ಅಷ್ಟು ಹರವನ್ನು ಕಣ್ಣಲ್ಲಿಟ್ಟುಕೊಂಡು ಉಳಿದ ಹಿಂಡನ್ನು ಅಳೆಯುತ್ತೇನೆ. ಜೌಗು ಸೆಳೆವ, ಅಂದರೆ ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿ, ತಲೆಯ ಮೇಲೆ ಬಂದರೆ ಬಾತುಗಳೆಲ್ಲ ಒಮ್ಮೆಗೇ ಏಳುತ್ತವೆ. ಆಗಿನ ಎಣಿಕೆಯನ್ನು ನಂಬಬಾರದು, ಇಳಿದ ಮೇಲೆ ಮತ್ತೆ ಎಣಿಸಬೇಕು. ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇಬರ್ಡ್ ಆ್ಯಪ್‌ನಲ್ಲಿ ಶುರುವಾದ ವೇಳೆ, ಅವಧಿ, ನಡೆದ ದೂರ ಹಾಕಿ, ಕಾಗೆ ಗೊರವಂಕ ಬಿಡದೆ ಗುರುತಿಸಿದ್ದೆಲ್ಲ ಬರೆಯಿರಿ. ಅಪರೂಪದವನ್ನಷ್ಟೇ ಬರೆದರೆ ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಕುರುಚಲು ಕಾಡಿನ ಹಕ್ಕಿಗಳು ಬೇಕಿದ್ದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮ, ಅಥವಾ ಚಿತ್ರದುರ್ಗದ ಜೋಗಿಮಟ್ಟಿ. ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಕರಡಿಯ ಸೀಮೆ, ನಸುಕಿನಲ್ಲಿ ಒಬ್ಬರೇ ಪೊದೆಗೆ ನುಗ್ಗಬೇಡಿ. ತಲಾ ಎರಡು ಲೀಟರ್ ನೀರು ಇರಲಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಗೂಡಿನ ಕಾಲದಲ್ಲಿ ಹಕ್ಕಿ ಎದುರಾಳಿ ಬಂತೆಂದು ಮೊಟ್ಟೆ ಬಿಟ್ಟು ಹೊರಬರುತ್ತದೆ. ರಂಗಯ್ಯನದುರ್ಗದಲ್ಲಿ ಬೇಸಿಗೆಯಲ್ಲಿ ನೀರಿನ ಗುಂಡಿಯ ಪಕ್ಕವೂ ಕೂರುವುದಿಲ್ಲ: ಅಲ್ಲಿನ ನಾಲ್ಕು ಕೊಂಬಿನ ಪ್ರಾಣಿ ಕೊಂಡುಕುರಿಗೆ ಪದೇ ಪದೇ ನೀರು ಬೇಕು, ಮನುಷ್ಯ ಇದ್ದರೆ ಅದು ಹತ್ತಿರ ಸುಳಿಯದು.