ನೇಪಾಳಕ್ಕೆ ಹೋಗುವ ಮುನ್ನ ಮನೆಯಲ್ಲಿ ಕಳೆದ ನಾಲ್ಕು ವಾರ

2024ರ ಮೇ ಮೊದಲ ವಾರ ನಾನು ಮೈಸೂರಿನಿಂದ ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಗೆ ಬಂದೆ. ಬಿ.ಎಸ್ಸಿ. ಬಿ.ಎಡ್. ಮೂರನೆಯ ವರ್ಷ ಆಗಷ್ಟೇ ಮುಗಿದಿತ್ತು. ಜೂನ್ ಮತ್ತು ಜುಲೈ ಎರಡು ತಿಂಗಳು ಪೋಖರಾದಿಂದ ಒಳಗಿರುವ ಒಂದು ಗುಡ್ಡದ ಹಳ್ಳಿಯ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗೆ ಗಣಿತ ಕಲಿಸುವುದೆಂದು ನಿಶ್ಚಯವಾಗಿತ್ತು. ಪಾಠ ನಡೆಯುವುದು ನೇಪಾಳಿಯಲ್ಲಿ. ನನಗೆ ಬರುತ್ತಿದ್ದುದು ಶಾಲೆಯಲ್ಲಿ ಕಲಿತ ಹಿಂದಿ ಮಾತ್ರ.

ಮೊದಲ ಎಂಟು ಹತ್ತು ದಿನ ಅಟ್ಟದ ಮೇಲೆ ಕುಳಿತು ಓದಿದೆ. ಅಲ್ಲಿನ ಪಾಠ್ಯಕ್ರಮ ವಿಕಾಸ ಕೇಂದ್ರ ಅಂತರ್ಜಾಲದಲ್ಲಿಟ್ಟಿರುವ ಪಠ್ಯಪುಸ್ತಕಗಳನ್ನು ಇಳಿಸಿಕೊಂಡಿದ್ದೆ. ಪುಟ ತಿರುಗಿಸುತ್ತ ಹೋದಂತೆ ಧೈರ್ಯ ಬಂತು. ತ್ರಿಭುಜ, ಕೋಣ, ಸಮೀಕರಣ, ಅನುಪಾತ, ಭಿನ್ನ: ನಮ್ಮ ಕನ್ನಡ ಮಾಧ್ಯಮದ ಪುಸ್ತಕದಲ್ಲಿದ್ದ ಪದಗಳೇ ಹೆಚ್ಚುಕಡಿಮೆ ಅಲ್ಲಿಯೂ ಇದ್ದವು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೆ ಈ ಸಲಿಗೆ ನನಗೆ ಸಿಗುತ್ತಿರಲಿಲ್ಲ.

ಕಷ್ಟವಾದದ್ದು ಎಣಿಕೆ. ಕನ್ನಡದಲ್ಲಿ ಇಪ್ಪತ್ತು ಗೊತ್ತಿದ್ದರೆ ಇಪ್ಪತ್ತೊಂದು, ಇಪ್ಪತ್ತೆರಡು ತಾವಾಗಿಯೇ ಬರುತ್ತವೆ. ನೇಪಾಳಿಯಲ್ಲಿ ಹಿಂದಿಯಂತೆಯೇ ನೂರರವರೆಗೆ ಬಹುಪಾಲು ಪ್ರತಿ ಸಂಖ್ಯೆಯನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕು. 29 ಅಂದರೆ ‘ಉನನ್ತೀಸ್’, ಮೂವತ್ತಕ್ಕೆ ಒಂದು ಕಡಿಮೆ. ಅಟ್ಟದ ಮೇಲೆ ಕುಳಿತು ಇದನ್ನು ಉರು ಹೊಡೆಯಲು ನನ್ನಿಂದ ಆಗಲಿಲ್ಲ.

ಅದು ಹಲಸಿನ ಹಪ್ಪಳದ ಕಾಲ. ಬೇಯಿಸಿದ ಸೊಳೆ ಕುಟ್ಟಿ, ಉಂಡೆ ಕಟ್ಟಿ, ಒತ್ತಿ ಚಾಪೆಯ ಮೇಲೆ ಹರಡುವ ಕೆಲಸ ದಿನವೂ ನಡೆದಿತ್ತು. “ಪುಸ್ತಕ ಆಮೇಲೆ ನೋಡು, ಈಗ ಬಿಸಿಲಿದೆ” ಎಂದು ಆಯಿ ಕೆಳಗೆ ಕರೆದಳು. ಹರಡುವಾಗ ಸುಮ್ಮನೆ ನೇಪಾಳಿಯಲ್ಲಿ ಎಣಿಸತೊಡಗಿದೆ. ಸಾಲಿಗೆ ಎಂಟು, ಹನ್ನೆರಡು ಸಾಲು, ತೊಂಬತ್ತಾರು ಹಪ್ಪಳ. ಸಂಜೆ ಎತ್ತಿಡುವಾಗ ಹಿಂದಿನಿಂದ ಎಣಿಕೆ. ನಾಲ್ಕನೆಯ ದಿನಕ್ಕೆ ನೂರರವರೆಗಿನ ಸಂಖ್ಯೆಗಳು ನಾಲಗೆಗೆ ಹತ್ತಿದ್ದವು.

ರಜೆಗೆಂದು ಅಜ್ಜನ ಮನೆಗೆ ಬಂದಿದ್ದ ಅಕ್ಕಪಕ್ಕದ ಐದು ಮಕ್ಕಳು ಅದೇ ಅಂಗಳದಲ್ಲಿ ಆಡಿಕೊಂಡಿದ್ದರು. ಅವರನ್ನು ಜಗಲಿಯಲ್ಲಿ ಕೂರಿಸಿ ಒಂದು ವಾರ ಪಾಠ ಮಾಡಿದೆ. ನನಗೆ ನಾನೇ ಹಾಕಿಕೊಂಡ ನಿಯಮ: ಪಾಠದ ಹೊತ್ತಿನಲ್ಲಿ ಕನ್ನಡ ಮಾತನಾಡಬಾರದು. ‘ಯೊ ಕೆ ಹೊ’ (ಇದೇನು), ‘ಕತಿ’ (ಎಷ್ಟು), ‘ಕಿನ’ (ಏಕೆ), ‘ಫೇರಿ’ (ಮತ್ತೊಮ್ಮೆ), ಇಷ್ಟೇ ಬಂಡವಾಳ. ಪೋಖರಾದ ಮಕ್ಕಳಿಗೆ ನನ್ನ ಮಾತು ಎಷ್ಟು ಅರ್ಥವಾದೀತೋ ಅಷ್ಟೇ ಈ ಮಕ್ಕಳಿಗೂ ಅರ್ಥವಾಗಬೇಕು ಎಂಬುದು ನನ್ನ ಲೆಕ್ಕ.

ಮೊದಲ ದಿನ ಸೋತೆ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಸ್ಲೇಟಿನಲ್ಲಿ ಬರೆದೆ. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ ಐದನೆಯ ಎರಡು ಎಂದು ಒಬ್ಬ ಹುಡುಗ ಬರೆದ. ತಪ್ಪು ಎಂದು ತಲೆಯಾಡಿಸಿದೆ. ‘ಏಕೆ ತಪ್ಪು’ ಎಂಬಂತೆ ಅವನು ನನ್ನ ಮುಖ ನೋಡಿದ. ಹೇಳಲು ನನ್ನಲ್ಲಿ ಮಾತಿರಲಿಲ್ಲ. ಛೇದ ಸಮ ಮಾಡಬೇಕು ಎಂದು ಕನ್ನಡದಲ್ಲಾದರೆ ಹೇಳಿಬಿಡುತ್ತಿದ್ದೆ, ಅವನೂ ಒಪ್ಪಿಬಿಡುತ್ತಿದ್ದ. ಅಷ್ಟು ದಿನ ನಾನು ಕಲಿಸುತ್ತಿದ್ದುದು ಆ ವಾಕ್ಯವನ್ನೇ ಹೊರತು ಲೆಕ್ಕವನ್ನಲ್ಲ ಎಂದು ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬಾಳೆಲೆ ತಂದೆ. ಬಾಳೆಲೆ ತನ್ನ ಗೆರೆಯಗುಂಟ ನೇರವಾಗಿ ಸೀಳುತ್ತದೆ, ಕತ್ತರಿ ಬೇಡ. ಒಂದೇ ಉದ್ದದ ಪಟ್ಟಿಗಳನ್ನು ಮಾಡಿ ಒಂದನ್ನು ಎರಡು, ಒಂದನ್ನು ಮೂರು, ಒಂದನ್ನು ಐದು, ಇನ್ನೊಂದನ್ನು ಆರು ಪಾಲು ಮಾಡಿದೆವು. ಅದೇ ಹುಡುಗ ತನ್ನ ಉತ್ತರವಾದ ಎರಡು ತುಂಡುಗಳನ್ನು ಅರ್ಧದ ತುಂಡಿನ ಪಕ್ಕದಲ್ಲಿಟ್ಟ. ಅವನ ಉತ್ತರ ಅರ್ಧಕ್ಕಿಂತಲೂ ಗಿಡ್ಡ! ಅರ್ಧಕ್ಕೆ ಇನ್ನಷ್ಟು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಅವನೇ ನಕ್ಕು ಅದನ್ನು ತೆಗೆದು, ಆರು ಪಾಲಿನ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತ ಐದಕ್ಕೆ ನಿಲ್ಲಿಸಿದ. ನಾನು ಒಂದು ಮಾತೂ ಆಡಿರಲಿಲ್ಲ. ಕಾಲೇಜಿನಲ್ಲಿ ಬರೆದ ಯಾವ ಪಾಠ ಯೋಜನೆಯೂ ನನಗೆ ಇಷ್ಟು ಸಂತೋಷ ಕೊಟ್ಟಿಲ್ಲ.

ಆ ಬಳಿಕ ಪುಸ್ತಕದ ಪ್ರತಿ ಅಧ್ಯಾಯಕ್ಕೂ ಕೈಯಲ್ಲಿ ಹಿಡಿಯುವಂಥದ್ದು ಏನಿದೆ ಎಂದು ಹುಡುಕತೊಡಗಿದೆ. ಅನುಪಾತಕ್ಕೆ ಹಣವೇ ಸಿಕ್ಕಿತು: ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60, ಅಂದರೆ ಐದಕ್ಕೆ ಎಂಟು. ವಿಸ್ತೀರ್ಣಕ್ಕೆ ಅಪ್ಪಯ್ಯ ನೆರವಾದರು. ನೇಪಾಳದ ಗುಡ್ಡಗಾಡಿನಲ್ಲಿ ಜಮೀನನ್ನು ರೋಪನಿಯಲ್ಲಿ ಅಳೆಯುತ್ತಾರೆ, ಒಂದು ರೋಪನಿಗೆ ಹದಿನಾರು ಆನಾ ಎಂದು ಓದಿ ಹೇಳಿದೆ. ಅಪ್ಪಯ್ಯ ಒಳಗಿನಿಂದ ತೋಟದ ಪಹಣಿ ತಂದು ಮುಂದಿಟ್ಟರು. “ನಮ್ಮ ಗುಂಟೆಗೂ ಹದಿನಾರು ಆಣೆಯೇ ಅಲ್ಲವೇ ಕೂಸೇ?”

ಆ ಸಂಜೆಯೆಲ್ಲ ಇಬ್ಬರೂ ಲೆಕ್ಕ ಹಾಕಿದೆವು. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ರೋಪನಿ 5,476 ಚದರ ಅಡಿ, ಅಂದರೆ 74 ಅಡಿ ಉದ್ದ, 74 ಅಡಿ ಅಗಲದ ಚೌಕ. ಅಲ್ಲಿನ ಒಂದು ರೋಪನಿ ನಮ್ಮ ಐದು ಗುಂಟೆಗಿಂತ ಕೂದಲೆಳೆಯಷ್ಟು ಹೆಚ್ಚು. ಹೆಸರು ಒಂದೇ ಆದರೂ ಅಲ್ಲಿನ ಆನಾ ನಮ್ಮ ಆಣೆಯ ಐದರಷ್ಟು. ಒಂದು ಎಕರೆ ಹನ್ನೆರಡು ಗುಂಟೆ ಎಂಟು ಆಣೆಯ ನಮ್ಮ ತೋಟ ಅಲ್ಲಿ ಹತ್ತೂವರೆ ರೋಪನಿಗೆ ತುಸು ಕಡಿಮೆ. ಹೈಸ್ಕೂಲಿಗೇ ಓದು ಬಿಟ್ಟ ಅಪ್ಪಯ್ಯ ಭಾಗಾಕಾರದಲ್ಲಿ ನನಗಿಂತ ಚುರುಕಾಗಿದ್ದರು.

ಹೊರಡುವ ತಯಾರಿ ಹೆಚ್ಚೇನೂ ಇರಲಿಲ್ಲ. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಡ. ನನಗೆ ಪಾಸ್‌ಪೋರ್ಟ್ ಇರಲಿಲ್ಲ, ಮತದಾರರ ಗುರುತಿನ ಚೀಟಿ ಸಾಕಾಯಿತು. ನನ್ನ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ ಎಂಬುದನ್ನು ಹೋಗುವವರು ನೆನಪಿಡಬೇಕು. ಆಗ ನಮ್ಮ ದೊಡ್ಡ ನೋಟುಗಳು ಅಲ್ಲಿ ನಡೆಯುತ್ತಿರಲಿಲ್ಲ, ಹಾಗಾಗಿ ನೂರರ ನೋಟುಗಳನ್ನೇ ಒಟ್ಟು ಮಾಡಿಕೊಂಡೆ. ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿ, ಆಚೆಗೆ ಪೋಖರಾದ ಬಸ್ಸು.

ಹೊರಡುವ ಹಿಂದಿನ ರಾತ್ರಿ ಆಯಿ ಹಪ್ಪಳವನ್ನು ಎಣಿಸಿ ಡಬ್ಬಿಗೆ ತುಂಬುತ್ತಿದ್ದಳು. ಅವಳ ತುಟಿ ಅಲುಗುತ್ತಿದ್ದುದನ್ನು ಕಂಡು ಹತ್ತಿರ ಹೋಗಿ ಆಲಿಸಿದೆ. ಒಂದು ತಿಂಗಳು ನನ್ನ ಬಾಯಿಂದ ಕೇಳಿ ಕೇಳಿ ಕಲಿತದ್ದು: ಏಕ್, ದುಯಿ, ತೀನ್, ಚಾರ್. ನಾನೂ ಪಕ್ಕದಲ್ಲಿ ಕುಳಿತು ದನಿಗೂಡಿಸಿದೆ.